ಓಟರ್ ಐಡಿ ಕೈಲಿದೆ, ಪಟ್ಟಿಯಲ್ಲಿ ಹೆಸರಿಲ್ಲ

ಓದುಗರ ಪ್ರಶ್ನೆ, ನಮ್ಮ ಉತ್ತರ. ಈ ಕಂತಿನಲ್ಲಿ: ಮತದಾನದ ದಿನ

ಬೆಂಗಳೂರಿನ ಬೇರೆ ಬೇರೆ ಬಡಾವಣೆಗಳಿಂದ ಬಂದ ಪತ್ರಗಳನ್ನು ಒಟ್ಟಿಗೆ ಓದಿದಾಗ ಒಂದು ಸಂಗತಿ ಎದ್ದು ಕಂಡಿತು. ಬಹುಪಾಲು ಜನರ ಓಟು ಕೈತಪ್ಪಿರುವುದು ಮತಯಂತ್ರದ ಹತ್ತಿರ ಹೋಗುವ ಮೊದಲೇ. ಹಾಗಾಗಿ ಪಟ್ಟಿಯ ಪ್ರಶ್ನೆಯಿಂದಲೇ ಶುರು ಮಾಡಿದ್ದೇವೆ.

ಪ್ರಶ್ನೆ: ಮೊದಲು ಬಸವೇಶ್ವರನಗರದಲ್ಲಿ ಬಾಡಿಗೆಗೆ ಇದ್ದೆವು, ಈಗ ಕೆ.ಆರ್. ಪುರದಲ್ಲಿದ್ದೇವೆ. ಕಳೆದ ಸಲ ಹಳೇ ಬೂತಿಗೆ ಹೋದರೆ ‘ನಿಮ್ಮ ಹೆಸರಿಲ್ಲ’ ಎಂದು ವಾಪಸ್ ಕಳಿಸಿದರು. ಓಟರ್ ಐಡಿ ಕೈಯಲ್ಲೇ ಇತ್ತು. ಹೆಸರಿಲ್ಲದಿದ್ದರೂ ಆಧಾರ್ ತೋರಿಸಿ ‘49ಎ ಪ್ರಕಾರ ಚಾಲೆಂಜ್ ವೋಟ್’ ಕೇಳಬಹುದು ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ನಿಜವೇ?
— ಓದುಗರು, ಕೆ.ಆರ್. ಪುರ

ಉತ್ತರ: ಅದು ಸುಳ್ಳು. ಪ್ರತಿ ಚುನಾವಣೆಗೂ ಸುತ್ತಾಡುವ ಈ ಸಂದೇಶವನ್ನು ನಂಬಿ ಬೂತಿಗೆ ಹೋಗಿ ಜಗಳ ಮಾಡಿಕೊಂಡು ಬರಿಗೈಲಿ ಬರುವವರನ್ನು ಕಂಡರೆ ಸಂಕಟವಾಗುತ್ತದೆ. ಚುನಾವಣಾ ನಿಯಮಗಳಲ್ಲಿ 49ಎ ಇರುವುದು ಮತಯಂತ್ರದ ವಿನ್ಯಾಸದ ಬಗ್ಗೆ. ‘ಚಾಲೆಂಜ್’ ಎನ್ನುವುದು ಮತದಾರರಿಗೆ ಇರುವ ಹಕ್ಕೇ ಅಲ್ಲ. ‘ಈ ವ್ಯಕ್ತಿ ಪಟ್ಟಿಯಲ್ಲಿರುವವರಲ್ಲ’ ಎಂದು ಒಳಗೆ ಕೂತ ಪಕ್ಷದ ಏಜೆಂಟರು ಎರಡು ರೂಪಾಯಿ ಕಟ್ಟಿ ಎತ್ತುವ ಆಕ್ಷೇಪ ಅದು. ಪಟ್ಟಿಯಲ್ಲಿ ಹೆಸರಿಲ್ಲ ಎಂದರೆ ಆ ದಿನ ಯಾವ ದಾಖಲೆ ತೋರಿಸಿದರೂ ಓಟು ಸಿಗುವುದಿಲ್ಲ. ಓಟರ್ ಐಡಿ ನೀವು ಯಾರು ಎನ್ನುವುದನ್ನಷ್ಟೇ ಹೇಳುತ್ತದೆ. ಓಟು ಹಾಕುವ ಹಕ್ಕು ಪಟ್ಟಿಯಲ್ಲಿರುವ ಹೆಸರಿಗೆ ಅಂಟಿಕೊಂಡಿದೆ.

ಆದರೆ ‘ಹೆಸರಿಲ್ಲ’ ಎಂಬ ಮಾತಿಗೆ ಮೂರು ಅರ್ಥ ಇರುತ್ತದೆ. ಯಾವುದೆಂದು ಅಲ್ಲೇ ವಿಚಾರಿಸಬೇಕು. ಹೆಸರು ನಿಜವಾಗಿಯೂ ಕೈಬಿಟ್ಟಿರಬಹುದು. ಅಥವಾ ಹೆಸರು ಪಕ್ಕದ ಕೊಠಡಿಯ ಬೂತಿಗೆ ಹೋಗಿರಬಹುದು. ಮೂರನೆಯದು, ನಿಮ್ಮ ಹೆಸರು ‘ಗೈರು, ಸ್ಥಳಾಂತರ, ಮೃತ’ (ಇಂಗ್ಲಿಷಿನಲ್ಲಿ ಎಎಸ್‌ಡಿ) ಎಂಬ ಪಟ್ಟಿಗೆ ಸೇರಿರಬಹುದು. ಬೂತ್ ಮಟ್ಟದ ಅಧಿಕಾರಿ ಮನೆಗೆ ಬಂದಾಗ ಬೀಗ ಹಾಕಿದ್ದರೆ, ಅಥವಾ ಬಾಡಿಗೆದಾರರು ಖಾಲಿ ಮಾಡಿ ಹೋದರು ಎಂದು ಓನರ್ ಹೇಳಿದರೆ ಈ ಪಟ್ಟಿಗೆ ಬೀಳುತ್ತೀರಿ. ಬಾಡಿಗೆ ಮನೆಗಳೇ ಹೆಚ್ಚಿರುವ ನಮ್ಮ ಊರಲ್ಲಿ ಇದು ಮಾಮೂಲು. ಈ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಓಟು ಹೋಗುವುದಿಲ್ಲ. ಗುರುತಿನ ದಾಖಲೆಯನ್ನು ಮತಗಟ್ಟೆಯ ಮುಖ್ಯಸ್ಥರಾದ ಪ್ರಿಸೈಡಿಂಗ್ ಆಫೀಸರ್ ಖುದ್ದು ನೋಡುತ್ತಾರೆ, ಸಹಿಯ ಜೊತೆಗೆ ಹೆಬ್ಬೆಟ್ಟನ್ನೂ ಒತ್ತಿಸಿಕೊಳ್ಳುತ್ತಾರೆ. ನೀವು ನೀವೇ ಎಂದು ಖಾತ್ರಿಯಾದರೆ ಓಟು ಹಾಕಲು ಬಿಡಲೇಬೇಕು. ಮೊದಲ ಮೇಜಿನವರು ‘ಇಲ್ಲ’ ಎಂದ ಕೂಡಲೇ ಹೊರಡಬೇಡಿ. ಪ್ರಿಸೈಡಿಂಗ್ ಆಫೀಸರ್ ಹತ್ತಿರ ಹೋಗಿ ‘ಎಎಸ್‌ಡಿ ಪಟ್ಟಿಯಲ್ಲಿ ಇದೆಯಾ ನೋಡಿ ಸಾರ್’ ಎಂದು ಕೇಳಿ.

ಈಗ ಕೆ.ಆರ್. ಪುರಕ್ಕೆ ಹೆಸರು ತರುವ ಕೆಲಸ. ಮೊದಲು voters.eci.gov.in ಎಂಬ ಚುನಾವಣಾ ಆಯೋಗದ ಜಾಲತಾಣದಲ್ಲಿ, ಇಲ್ಲವೇ 1950ಕ್ಕೆ ಕರೆ ಮಾಡಿ, ಓಟರ್ ಐಡಿ ಸಂಖ್ಯೆಯಿಂದಲೇ ಹುಡುಕಿ. ಹೆಸರಿನಿಂದ ಹುಡುಕಿದರೆ ಒಂದು ಇಂಗ್ಲಿಷ್ ಅಕ್ಷರ ಹೆಚ್ಚುಕಮ್ಮಿಯಾದರೂ ಸಿಗುವುದಿಲ್ಲ. ಸಂಖ್ಯೆಯಲ್ಲಿ ಮೂರು ಅಕ್ಷರ, ಏಳು ಅಂಕಿ ಇರುತ್ತದೆ. ನಿಮ್ಮ ಕಾರ್ಡ್ ತೀರ ಹಳೆಯದಾಗಿ, ಓರೆಗೆರೆಗಳಿರುವ ಉದ್ದ ಸಂಖ್ಯೆ ಇದ್ದರೆ ಅದು ಬದಲಾಗಿರುತ್ತದೆ. ಆಗ ಮಾತ್ರ ಹೆಸರು, ವಯಸ್ಸು, ತಂದೆ ಅಥವಾ ಗಂಡನ ಹೆಸರು ಕೊಟ್ಟು ಹುಡುಕಿ.

ಹಳೇ ವಿಳಾಸದಲ್ಲಿ ಹೆಸರು ಇನ್ನೂ ಇದ್ದರೆ ನಮೂನೆ 8 ತುಂಬಿ ಸ್ಥಳಾಂತರ ಕೇಳಬೇಕು. ಬೇರೆ ವಿಧಾನಸಭಾ ಕ್ಷೇತ್ರಕ್ಕೆ ಹೋದರೂ ಈಗ ಇದೇ ನಮೂನೆ. ಹೆಸರು ಪೂರ್ತಿ ಹೋಗಿದ್ದರೆ ನಮೂನೆ 6. ಹಳೆಯದು ಇದ್ದ ಹಾಗೇ ನಮೂನೆ 6 ಹಾಕಿ ಎರಡು ಕಡೆ ಹೆಸರು ಇಟ್ಟುಕೊಳ್ಳುವುದು ಅಪರಾಧ.

ಬಾಡಿಗೆದಾರರ ಅರ್ಜಿ ಮುಗ್ಗರಿಸುವುದು ವಿಳಾಸದ ದಾಖಲೆಯಲ್ಲಿ. ಅರ್ಜಿಯ ಪಟ್ಟಿಯಲ್ಲಿ ಇರುವುದು ‘ನೋಂದಾಯಿತ ಬಾಡಿಗೆ ಕರಾರು’. ಇಲ್ಲಿ ಹೆಚ್ಚಿನವರ ಬಳಿ ಇರುವುದು ಛಾಪಾ ಕಾಗದದ ಮೇಲಿನ ಹನ್ನೊಂದು ತಿಂಗಳ ಅಗ್ರಿಮೆಂಟ್, ಅದು ನೋಂದಣಿ ಆಗಿರುವುದಿಲ್ಲ. ಕರೆಂಟ್ ಬಿಲ್ ಓನರ್ ಹೆಸರಲ್ಲಿರುತ್ತದೆ. ಹಾಗಾಗಿ ಮೊದಲು ಆಧಾರ್‌ನಲ್ಲೋ ಬ್ಯಾಂಕ್ ಪಾಸ್‌ಬುಕ್ಕಿನಲ್ಲೋ ಹೊಸ ವಿಳಾಸ ಮಾಡಿಸಿ, ಆಮೇಲೆ ನಮೂನೆ 8 ಹಾಕಿ. ನಾಮಪತ್ರ ಸಲ್ಲಿಸುವ ಕೊನೆಯ ದಿನ ದಾಟಿದ ಮೇಲೆ ಪಟ್ಟಿಗೆ ಒಂದು ಹೆಸರನ್ನೂ ಸೇರಿಸುವಂತಿಲ್ಲ. ಅರ್ಜಿ ಪರಿಶೀಲನೆಗೂ ದಿನಗಳು ಬೇಕು. ಚುನಾವಣೆ ಘೋಷಣೆ ಆಗಲಿ ಎಂದು ಕಾಯುತ್ತಾ ಕೂತವರಿಗೆ ಬಸ್ಸು ತಪ್ಪುತ್ತದೆ.

ಪ್ರಶ್ನೆ: ಒಂದೇ ಮನೆ, ಒಂದೇ ಶಾಲೆ. ಆದರೂ ನನಗೆ ಒಂದು ಕೊಠಡಿ, ನನ್ನ ಯಜಮಾನರಿಗೆ ಇನ್ನೊಂದು. ಮುಕ್ಕಾಲು ಗಂಟೆ ನಿಂತ ಮೇಲೆ ಅದು ನನ್ನ ಸಾಲಲ್ಲ ಅಂತ ಗೊತ್ತಾಯಿತು.
— ಓದುಗರು, ಜೆ.ಪಿ. ನಗರ

ಉತ್ತರ: ಒಂದು ಬೂತಿಗೆ ಇಷ್ಟೇ ಮತದಾರರು ಎಂಬ ಮಿತಿ ಇದೆ. ಮೊದಲು 1,500 ಇತ್ತು, 2025ರಲ್ಲಿ ಆಯೋಗ ಅದನ್ನು 1,200ಕ್ಕೆ ಇಳಿಸಿತು. ಮಿತಿ ಮೀರಿದಾಗ ಪಟ್ಟಿಯನ್ನು ಒಡೆದು ಹೊಸ ಭಾಗ ಮಾಡುತ್ತಾರೆ. ಮದುವೆಯಾಗಿ ಬಂದವರು, ಆಮೇಲೆ ಸೇರಿದವರು ಬೇರೆ ಭಾಗಕ್ಕೆ ಬೀಳುವುದು ಹೀಗೆ. ಗಂಡ ಹೆಂಡತಿ ಒಂದೇ ಭಾಗಕ್ಕೆ ಬರಬೇಕೆಂದರೆ ಅದಕ್ಕೂ ನಮೂನೆ 8ರಲ್ಲೇ ಅರ್ಜಿ.

ಆ ದಿನ ನೋಡಿಕೊಳ್ಳಬೇಕಾದ್ದು ಎರಡೇ ಸಂಖ್ಯೆ: ಭಾಗ ಸಂಖ್ಯೆ, ಕ್ರಮ ಸಂಖ್ಯೆ. ಕೊಠಡಿಯ ಬಾಗಿಲಿಗೆ ಅಂಟಿಸಿರುವುದು ಭಾಗ ಸಂಖ್ಯೆ. ಕ್ರಮ ಸಂಖ್ಯೆ ಹೇಳಿದರೆ ಮೊದಲ ಮೇಜಿನ ಅಧಿಕಾರಿ ಅರೆಗಳಿಗೆಯಲ್ಲಿ ಹೆಸರು ತೆಗೆಯುತ್ತಾರೆ. ಬರೀ ಹೆಸರು ಹೇಳಿದರೆ ಲಕ್ಷ್ಮಿಯರನ್ನೂ ಮಂಜುನಾಥರನ್ನೂ ಪುಟಪುಟ ತಿರುವಿ ಹುಡುಕಬೇಕು, ಹಿಂದಿನ ಸಾಲು ಅಷ್ಟು ಹೊತ್ತು ನಿಲ್ಲಬೇಕು. ಬೂತ್ ಮಟ್ಟದ ಅಧಿಕಾರಿ ಕೊಡುವ ಮತದಾರರ ಚೀಟಿಯಲ್ಲಿ ಎರಡೂ ಇರುತ್ತವೆ. ಚೀಟಿ ಬರದಿದ್ದರೆ ಹಿಂದಿನ ರಾತ್ರಿಯೇ ಜಾಲತಾಣದಲ್ಲಿ ನೋಡಿ ಒಂದು ಕಾಗದದ ಮೇಲೆ ದೊಡ್ಡದಾಗಿ ಬರೆದಿಟ್ಟುಕೊಳ್ಳಿ. ಪಕ್ಷದವರ ಟೇಬಲ್ಲಿನಲ್ಲೂ ಬರೆದುಕೊಡುತ್ತಾರೆ. ಆ ಚೀಟಿ ಬಿಳಿ ಕಾಗದದ್ದಾಗಿರಬೇಕು, ಚಿಹ್ನೆಯಾಗಲಿ ಅಭ್ಯರ್ಥಿಯ ಹೆಸರಾಗಲಿ ಇರಬಾರದು. ಇದ್ದರೆ ಒಳಗೆ ಒಯ್ಯಬೇಡಿ.

ಪ್ರಶ್ನೆ: ಬಿಬಿಎಂಪಿ ಹೋಗಿ ಐದು ಪಾಲಿಕೆ ಆದವು. ಓಟರ್ ಐಡಿ ಬದಲಾಯಿಸಬೇಕೇ?
— ಓದುಗರು, ಯಲಹಂಕ

ಉತ್ತರ: ಬೇಡ. 2025ರ ಸೆಪ್ಟೆಂಬರ್‌ನಲ್ಲಿ ಬದಲಾದದ್ದು ಪಾಲಿಕೆಯ ಆಡಳಿತ, ನಗರದ 28 ವಿಧಾನಸಭಾ ಕ್ಷೇತ್ರಗಳು ಹಾಗೇ ಇವೆ. ವಾರ್ಡ್ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ವಿಧಾನಸಭೆಯ ಪಟ್ಟಿಯನ್ನೇ ವಾರ್ಡಿನಂತೆ ಮರುಜೋಡಿಸಿ ಬೇರೆ ಪಟ್ಟಿ ಮಾಡುತ್ತಾರೆ. ಹಾಗಾಗಿ ಲೋಕಸಭೆ ಚುನಾವಣೆಯ ಹಳೇ ಚೀಟಿ ಹಿಡಿದು ಪಾಲಿಕೆ ಚುನಾವಣೆಗೆ ಹೋದರೆ ಭಾಗ, ಕ್ರಮ ಸಂಖ್ಯೆ ಎರಡೂ ಹೊಂದುವುದಿಲ್ಲ.

ಪ್ರಶ್ನೆ: ಓಟರ್ ಐಡಿ ಕಳೆದುಹೋಗಿದೆ. ಫೋನಿನಲ್ಲಿ ಆಧಾರ್ ಇದೆ, ಮತದಾರರ ಚೀಟಿಯೂ ಇದೆ. ಸಾಕೇ?
— ಓದುಗರು, ಹೆಬ್ಬಾಳ

ಉತ್ತರ: ಸಾಲದು. ಮತದಾರರ ಚೀಟಿಯನ್ನು ಗುರುತಿನ ದಾಖಲೆಯಾಗಿ ಒಪ್ಪುವುದನ್ನು 2019ರಲ್ಲೇ ನಿಲ್ಲಿಸಿದ್ದಾರೆ. ಫೋನನ್ನು ಒಳಗೆ ಬಿಡುವುದಿಲ್ಲ, ಹಾಗಾಗಿ ಅದರೊಳಗಿನ ಆಧಾರ್ ಉಪಯೋಗಕ್ಕೆ ಬಾರದು. ಕಾಗದದ ಅಥವಾ ಕಾರ್ಡಿನ ರೂಪದಲ್ಲೇ ಒಯ್ಯಿರಿ: ಆಧಾರ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ಭಾವಚಿತ್ರವಿರುವ ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್, ಭಾವಚಿತ್ರವಿರುವ ಪಿಂಚಣಿ ದಾಖಲೆ, ಉದ್ಯೋಗ ಖಾತರಿ ಕಾರ್ಡ್, ಅಂಗವಿಕಲರ ಯುಡಿಐಡಿ ಕಾರ್ಡ್, ಸರ್ಕಾರಿ ನೌಕರರ ಗುರುತಿನ ಚೀಟಿ. ಖಾಸಗಿ ಕಂಪನಿಯ ಬ್ಯಾಡ್ಜ್, ಕಾಲೇಜಿನ ಐಡಿ, ರೇಷನ್ ಕಾರ್ಡ್ ಈ ಪಟ್ಟಿಯಲ್ಲಿಲ್ಲ.

ಓಟರ್ ಐಡಿಯಲ್ಲಿ ಹೆಸರಿನ ಅಕ್ಷರ ಸ್ವಲ್ಪ ತಪ್ಪಿದ್ದರೆ ಹೆದರಬೇಡಿ, ಸಣ್ಣಪುಟ್ಟ ತಪ್ಪನ್ನು ಕಡೆಗಣಿಸಬೇಕೆಂದು ಅಧಿಕಾರಿಗಳಿಗೇ ಸೂಚನೆ ಇದೆ. ಬೇರೆ ಕ್ಷೇತ್ರದ ಹಳೇ ಕಾರ್ಡೂ ನಡೆಯುತ್ತದೆ, ಈ ಬೂತಿನ ಪಟ್ಟಿಯಲ್ಲಿ ಹೆಸರಿದ್ದರೆ ಸರಿ. ಫೋಟೊ ಹೊಂದದಿದ್ದರೆ ಮಾತ್ರ ಇನ್ನೊಂದು ದಾಖಲೆ ಕೇಳುತ್ತಾರೆ. ಫೋನನ್ನು ಮತಗಟ್ಟೆಯ ಹೊರಗೇ ಇಟ್ಟುಹೋಗುವ ವ್ಯವಸ್ಥೆ ಮಾಡಬೇಕೆಂದು ಆಯೋಗ 2025ರಲ್ಲಿ ಹೇಳಿದೆ. ಆದರೂ ಮನೆಯಲ್ಲೇ ಬಿಟ್ಟುಬರುವುದು, ಇಲ್ಲವೇ ಓಟು ಹಾಕಿ ಬಂದವರ ಕೈಗೆ ಕೊಟ್ಟು ಹೋಗುವುದು ನಮ್ಮ ಸಲಹೆ.

ಪ್ರಶ್ನೆ: ಮಗಳಿಗೆ ಹದಿನೆಂಟು ತುಂಬಿದೆ, ಮೊದಲ ಓಟು. ಒಳಗೆ ಏನೇನು ನಡೆಯುತ್ತದೆ ಅಂತ ವಿವರವಾಗಿ ಬರೆಯಿರಿ.
— ಓದುಗರು, ಮಲ್ಲೇಶ್ವರ

ಉತ್ತರ: ಕೊಠಡಿಯಲ್ಲಿ ಮೂರು ಮೇಜು, ಒಂದು ಮರೆ ಇರುತ್ತದೆ. ಮೊದಲ ಮೇಜಿನಲ್ಲಿ ದಾಖಲೆ ನೋಡಿ ಕ್ರಮ ಸಂಖ್ಯೆ, ಹೆಸರನ್ನು ಗಟ್ಟಿಯಾಗಿ ಓದುತ್ತಾರೆ. ಹುಡುಗಿಯರಿಗೆ ಇದು ಮುಜುಗರವೆನಿಸಬಹುದು, ಆದರೆ ಪಕ್ಷಗಳ ಏಜೆಂಟರು ಕೇಳಿ ತಮ್ಮ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳಲೆಂದೇ ಹಾಗೆ ಓದುವುದು. ಬೇರೆಯವರ ಹೆಸರಲ್ಲಿ ಓಟು ಹಾಕಲು ಬಂದವರು ಸಿಕ್ಕಿಬೀಳುವುದು ಈ ಹೊತ್ತಿನಲ್ಲೇ.

ಎರಡನೇ ಮೇಜಿನಲ್ಲಿ ಎಡಗೈ ತೋರುಬೆರಳು ನೋಡುತ್ತಾರೆ. ಎಣ್ಣೆ ಜಿಡ್ಡು ಇದ್ದರೆ ಬಟ್ಟೆಯಲ್ಲಿ ಒರೆಸುತ್ತಾರೆ. ಉಗುರಿನ ತುದಿಯಿಂದ ಬೆರಳಿನ ಮೊದಲ ಗೆಣ್ಣಿನವರೆಗೆ ಶಾಯಿಯ ಗೆರೆ ಎಳೆಯುತ್ತಾರೆ. ಸೀಸೆ ಮಗುಚದಂತೆ ಅದನ್ನು ಮರಳು ತುಂಬಿದ ಬಟ್ಟಲಲ್ಲಿ ನಿಲ್ಲಿಸಿಟ್ಟಿರುತ್ತಾರೆ. ಈ ಶಾಯಿ ನಮ್ಮ ಮೈಸೂರಿನದು. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ, ಶುರುವಾದ ಬಣ್ಣ ಮತ್ತು ಅರಗಿನ ಕಾರ್ಖಾನೆ 1962ರ ಚುನಾವಣೆಯಿಂದ ದೇಶಕ್ಕೆಲ್ಲ ಇದನ್ನು ಮಾಡಿಕೊಡುತ್ತಿದೆ. 10 ಮಿಲಿಲೀಟರ್ ಸೀಸೆ ಸುಮಾರು 700 ಜನರಿಗೆ ಬರುತ್ತದೆ. ಒಳಗಿರುವುದು ಸಿಲ್ವರ್ ನೈಟ್ರೇಟ್. ಹಚ್ಚಿದಾಗ ನೇರಳೆ, ಬೆಳಕು ತಾಗುತ್ತಾ ಹೋದಂತೆ ಕಪ್ಪು. ಚರ್ಮದ ಮೇಲಿನ ಗುರುತು ದಿನಗಳಲ್ಲಿ ಮಾಸಿದರೂ ಉಗುರಿನ ಮೇಲಿನದು ಉಗುರು ಬೆಳೆದು ಕತ್ತರಿಸುವವರೆಗೆ ಇರುತ್ತದೆ. ನೇಲ್ ಪಾಲಿಶ್ ಇದ್ದರೆ ಶಾಯಿ ಅದರ ಮೇಲೇ ಕೂರುತ್ತದೆ. ಹಿಂದಿನ ದಿನವೇ ಆ ಒಂದು ಬೆರಳಿನದಾದರೂ ತೆಗೆಯಲು ಹೇಳಿ.

ಶಾಯಿ ಹಚ್ಚಿದ ಮೇಲೆ ಸಹಿ. ಈ ಕ್ರಮ ಬೇಕೆಂದೇ ಇಟ್ಟದ್ದು: 17ಎ ಎಂಬ ರಿಜಿಸ್ಟರಿನಲ್ಲಿ ಸಹಿ ಮಾಡಿ ಮುಗಿಸುವಷ್ಟರಲ್ಲಿ ಶಾಯಿ ಒಣಗುತ್ತದೆ. ಸಹಿಯಾದ ಮೇಲೆ ಒಂದು ಸಣ್ಣ ಚೀಟಿ ಕೊಡುತ್ತಾರೆ. ಮೂರನೇ ಮೇಜಿನವರು ಚೀಟಿ ತೆಗೆದುಕೊಂಡು ಬೆರಳನ್ನು ಮತ್ತೊಮ್ಮೆ ನೋಡುತ್ತಾರೆ, ಒರೆಸಿಕೊಂಡಿದ್ದರೆ ಪುನಃ ಹಚ್ಚುತ್ತಾರೆ. ಆಮೇಲೆ ಕಂಟ್ರೋಲ್ ಯೂನಿಟ್‌ನಲ್ಲಿ ‘ಬ್ಯಾಲಟ್’ ಗುಂಡಿ ಒತ್ತುತ್ತಾರೆ. ಆಗ ಮಾತ್ರ ಒಳಗಿನ ಯಂತ್ರ ಒಂದು ಓಟಿಗೆ ತೆರೆದುಕೊಳ್ಳುತ್ತದೆ.

ಮರೆಯ ಹಿಂದೆ ಹೋದ ಕೂಡಲೇ ಯಂತ್ರದ ಮೇಲಿನ ಹಸಿರು ದೀಪ ನೋಡಬೇಕು. ಹಸಿರು ಇಲ್ಲದಿದ್ದರೆ ಒತ್ತಿದರೂ ಏನೂ ಆಗುವುದಿಲ್ಲ, ಅಧಿಕಾರಿಗೆ ಹೇಳಬೇಕು. ಅಭ್ಯರ್ಥಿಯ ಹೆಸರು, ಫೋಟೊ, ಚಿಹ್ನೆಯ ಬಲಕ್ಕೆ ಇರುವ ನೀಲಿ ಗುಂಡಿಯನ್ನು ಪಕ್ಕದ ಕೆಂಪು ದೀಪ ಹೊತ್ತುವವರೆಗೆ ಒತ್ತಬೇಕು. ಕೆಲವರು ಅಳುಕಿ ಮುಟ್ಟಿದ ಹಾಗೆ ಮಾಡಿ ಕೈ ತೆಗೆಯುತ್ತಾರೆ, ಇನ್ನು ಕೆಲವರು ಚಿಹ್ನೆಯ ಚಿತ್ರವನ್ನೇ ಒತ್ತುತ್ತಾರೆ. ಎರಡರಲ್ಲೂ ಓಟು ಬೀಳುವುದಿಲ್ಲ. ಒಂದು ಯಂತ್ರದಲ್ಲಿ ನೋಟಾ ಸೇರಿ 16 ಗುಂಡಿ. ಅಭ್ಯರ್ಥಿಗಳು 15 ದಾಟಿದರೆ ಪಕ್ಕದಲ್ಲೇ ಎರಡನೇ ಯಂತ್ರ ಇಟ್ಟಿರುತ್ತಾರೆ, ಬೆಂಗಳೂರಿನಲ್ಲಿ ಇದು ಅಪರೂಪವಲ್ಲ. ಎರಡು ಯಂತ್ರ ಕಂಡರೆ ಎರಡು ಓಟು ಎಂದು ತಿಳಿಯಬಾರದು. ನೋಟಾ ಕಟ್ಟಕಡೆಯ ಹೆಸರಿನ ಕೆಳಗೆ ಇರುತ್ತದೆ.

ಒತ್ತಿದ ಮೇಲೆ ತಕ್ಷಣ ತಿರುಗಿ ಬರಬೇಡ ಎಂದು ಮಗಳಿಗೆ ಹೇಳಿ. ಪಕ್ಕದ ವಿವಿಪ್ಯಾಟ್ ಪೆಟ್ಟಿಗೆಯ ಗಾಜಿನ ಕಿಂಡಿಯಲ್ಲಿ ಕ್ರಮ ಸಂಖ್ಯೆ, ಹೆಸರು, ಚಿಹ್ನೆ ಮುದ್ರಿಸಿದ ಕಾಗದ ಏಳು ಸೆಕೆಂಡು ಕಾಣುತ್ತದೆ. ಆಮೇಲೆ ಅದು ಕತ್ತರಿಸಿ ಒಳಗೆ ಬೀಳುತ್ತದೆ, ಉದ್ದನೆಯ ಬೀಪ್ ಕೇಳಿಸುತ್ತದೆ. ಬೀಪ್ ಕೇಳಿದ ಮೇಲೆಯೇ ಹೊರಡಬೇಕು.

ಪ್ರಶ್ನೆ: ವಿವಿಪ್ಯಾಟ್‌ನಲ್ಲಿ ಬೇರೆ ಚಿಹ್ನೆ ಬಂದರೆ? ಯಂತ್ರ ಮಧ್ಯದಲ್ಲೇ ಕೆಟ್ಟರೆ ಬೆಳಗ್ಗೆ ಹಾಕಿದವರ ಓಟು ಹೋಯಿತೇ?
— ಓದುಗರು, ಜಾಲಹಳ್ಳಿ

ಉತ್ತರ: ಎರಡನೆಯದು ಮೊದಲು. ಓಟುಗಳು ಕಂಟ್ರೋಲ್ ಯೂನಿಟ್‌ನ ನೆನಪಿನಲ್ಲಿ ಇರುತ್ತವೆ, ಯಂತ್ರ ನಿಂತರೂ ಅಳಿಯುವುದಿಲ್ಲ. ಬ್ಯಾಟರಿಯಲ್ಲಿ ನಡೆಯುವುದರಿಂದ ಕರೆಂಟ್ ಹೋದರೂ ತೊಂದರೆಯಿಲ್ಲ. ವಿವಿಪ್ಯಾಟ್ ಮಾತ್ರ ಕೆಟ್ಟರೆ ಅದೊಂದನ್ನೇ ಬದಲಿಸುತ್ತಾರೆ. ಕಂಟ್ರೋಲ್ ಯೂನಿಟ್ ಅಥವಾ ನೀವು ಗುಂಡಿ ಒತ್ತುವ ಬ್ಯಾಲಟ್ ಯೂನಿಟ್ ಕೆಟ್ಟರೆ ವಿವಿಪ್ಯಾಟ್ ಸೇರಿ ಮೂರನ್ನೂ ಒಟ್ಟಿಗೆ ಬದಲಿಸಿ, ಏಜೆಂಟರ ಎದುರು ಪ್ರತಿ ಅಭ್ಯರ್ಥಿಗೂ ನೋಟಾಗೂ ಒಂದೊಂದು ಓಟು ಹಾಕಿ ಪರೀಕ್ಷಿಸಿ, ಅದನ್ನು ಅಳಿಸಿ ಮುಂದುವರಿಸುತ್ತಾರೆ. ಎಣಿಕೆಯ ದಿನ ಹಳೇ ಯಂತ್ರದ್ದೂ ಹೊಸದರದ್ದೂ ಸೇರುತ್ತದೆ. ಹಾಗಾಗಿ ‘ಯಂತ್ರ ಕೆಟ್ಟಿದೆ’ ಎಂದು ಸಾಲು ಬಿಟ್ಟು ಮನೆಗೆ ಹೋಗಬೇಡಿ, ತಿರುಗಿ ಬರುವವರು ಕಡಿಮೆ.

ಚಿಹ್ನೆ ಬೇರೆ ಬಂದಿದ್ದು ಖಂಡಿತ ಎಂದಾದರೆ ಅಲ್ಲೇ ಪ್ರಿಸೈಡಿಂಗ್ ಆಫೀಸರ್‌ಗೆ ಹೇಳಿ. ಲಿಖಿತ ಹೇಳಿಕೆ ಪಡೆದು, ಅವರು ಏಜೆಂಟರ ಎದುರು ನಿಮ್ಮಿಂದಲೇ ಒಂದು ಪರೀಕ್ಷಾ ಓಟು ಹಾಕಿಸುತ್ತಾರೆ. ದೂರು ನಿಜವಾದರೆ ಆ ಯಂತ್ರದ ಮತದಾನ ಅಲ್ಲಿಗೇ ನಿಲ್ಲುತ್ತದೆ. ಸುಳ್ಳಾದರೆ ಶಿಕ್ಷೆ ಇದೆ, ಅದನ್ನು ಅವರು ಮೊದಲೇ ಎಚ್ಚರಿಸುತ್ತಾರೆ. ಶಿಕ್ಷೆಯ ಭಯದಿಂದ ನಿಜವಾದ ದೂರುದಾರರೂ ಬಾಯಿ ಮುಚ್ಚಿಕೊಳ್ಳುತ್ತಾರೆ ಎಂಬ ಆಕ್ಷೇಪ ಹಳೆಯದು, ಅದರಲ್ಲಿ ಹುರುಳಿದೆ ಎಂದೇ ನಮ್ಮ ಅನಿಸಿಕೆ. ಎಣಿಕೆಯಲ್ಲಿ ಪ್ರತಿ ವಿಧಾನಸಭಾ ಕ್ಷೇತ್ರದಿಂದ ಐದು ಬೂತುಗಳನ್ನು ಚೀಟಿ ಎತ್ತಿ ಆರಿಸಿ, ಅವುಗಳ ವಿವಿಪ್ಯಾಟ್ ಕಾಗದಗಳನ್ನು ಎಣಿಸಿ ಯಂತ್ರದ ಲೆಕ್ಕಕ್ಕೆ ತಾಳೆ ಹಾಕುತ್ತಾರೆ. ಎಲ್ಲವನ್ನೂ ಎಣಿಸಬೇಕೆಂಬ ಬೇಡಿಕೆಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 2024ರ ಏಪ್ರಿಲ್ 26ರಂದು, ಬೆಂಗಳೂರು ಲೋಕಸಭೆಗೆ ಓಟು ಹಾಕುತ್ತಿದ್ದ ದಿನವೇ.

ಪ್ರಶ್ನೆ: ಹೋಗುವಷ್ಟರಲ್ಲಿ ನನ್ನ ಹೆಸರಲ್ಲಿ ಯಾರೋ ಓಟು ಹಾಕಿಬಿಟ್ಟಿದ್ದರು. ಸುಮ್ಮನೆ ಬಂದೆ. ಏನು ಮಾಡಬಹುದಿತ್ತು?
— ಓದುಗರು, ಶಿವಾಜಿನಗರ

ಉತ್ತರ: ‘ಟೆಂಡರ್ಡ್ ವೋಟ್’ ಕೇಳಬೇಕಿತ್ತು. ಅದು ನಿಮ್ಮ ಹಕ್ಕು. ಪ್ರಿಸೈಡಿಂಗ್ ಆಫೀಸರ್ ಕೇಳುವ ಪ್ರಶ್ನೆಗಳಿಗೆ ಉತ್ತರಿಸಿ ಗುರುತು ಸಾಬೀತು ಮಾಡಿದರೆ 17ಬಿ ನಮೂನೆಯಲ್ಲಿ ಸಹಿ ಹಾಕಿಸಿಕೊಂಡು ಕಾಗದದ ಮತಪತ್ರ ಕೊಡುತ್ತಾರೆ. ಪ್ರತಿ ಬೂತಿಗೂ ಇಂಥ 20 ಮತಪತ್ರ ಕೊಟ್ಟೇ ಕಳಿಸಿರುತ್ತಾರೆ, ‘ನಮ್ಮಲ್ಲಿಲ್ಲ’ ಎಂಬ ಉತ್ತರ ಒಪ್ಪಬೇಡಿ. ಮರೆಯಲ್ಲಿ ಹೋಗಿ ಮೊಹರು ಒತ್ತಿ, ಮಡಚಿ ಅವರ ಕೈಗೆ ಕೊಡಬೇಕು. ಅದನ್ನು ಬೇರೆ ಲಕೋಟೆಯಲ್ಲಿಡುತ್ತಾರೆ.

ನೇರವಾಗಿ ಹೇಳಬೇಕಾದ ಮಾತೊಂದಿದೆ. ಈ ಓಟನ್ನು ಎಣಿಕೆಯ ದಿನ ಎಣಿಸುವುದಿಲ್ಲ. ಫಲಿತಾಂಶ ಕೋರ್ಟಿಗೆ ಹೋದಾಗ, ಅಂತರ ತೀರ ಕಡಿಮೆಯಿದ್ದರೆ, ಆ ಲಕೋಟೆ ತೆರೆಯುವ ಪ್ರಸಂಗ ಬರುತ್ತದೆ. ಅಷ್ಟಕ್ಕೇಕೆ ಈ ಪಾಡು ಎನ್ನಬೇಡಿ. 2023ರಲ್ಲಿ ನಮ್ಮ ಜಯನಗರದ ಫಲಿತಾಂಶ ನಿಂತದ್ದು 16 ಓಟಿನ ಮೇಲೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಗೆದ್ದವರಿಗೂ ಸೋತವರಿಗೂ ಇದ್ದ ಅಂತರ ಒಂದೇ ಓಟು. ಅದಲ್ಲದೆ, ನೀವು ಸುಮ್ಮನೆ ಬಂದರೆ ಕಳ್ಳ ಓಟು ಬಿದ್ದ ಗುರುತೇ ಎಲ್ಲೂ ಉಳಿಯುವುದಿಲ್ಲ. 17ಬಿಯಲ್ಲಿ ನಿಮ್ಮ ಸಹಿ ಇದ್ದರೆ ಉಳಿಯುತ್ತದೆ. ಅಂದ ಹಾಗೆ ‘ಶೇ. 14ಕ್ಕಿಂತ ಹೆಚ್ಚು ಟೆಂಡರ್ಡ್ ವೋಟ್ ಬಿದ್ದರೆ ಮರುಮತದಾನ’ ಎನ್ನುವುದೂ ಅದೇ ವಾಟ್ಸ್‌ಆ್ಯಪ್ ಸುಳ್ಳಿನ ಬಾಲ. ಅಂಥ ನಿಯಮವಿಲ್ಲ.

ಪ್ರಶ್ನೆ: ಅಮ್ಮನಿಗೆ 82 ವರ್ಷ, ಮಂಡಿ ನೋವು, ಕಣ್ಣು ಮಂಜು. ಮನೆಯಿಂದ ಓಟು ಹಾಕಬಹುದೇ? ಬೂತಿನಲ್ಲಿ ಅವರ ಪರವಾಗಿ ನಾನೇ ಗುಂಡಿ ಒತ್ತಬಹುದೇ?
— ಓದುಗರು, ಬನಶಂಕರಿ

ಉತ್ತರ: 2023ರ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರಿಗೆ ಈ ಅನುಕೂಲ ಇತ್ತು. 2024ರಲ್ಲಿ ವಯಸ್ಸನ್ನು 85ಕ್ಕೆ ಏರಿಸಿದರು. ಹಾಗಾಗಿ ವಯಸ್ಸಿನ ಮೇಲೆ ಅಮ್ಮನಿಗೆ ಸಿಗುವುದಿಲ್ಲ. ಶೇ. 40 ಅಥವಾ ಹೆಚ್ಚು ಅಂಗವೈಕಲ್ಯದ ಪ್ರಮಾಣಪತ್ರ ಇದ್ದರೆ ಸಿಗುತ್ತದೆ. ನಮೂನೆ 12ಡಿಯನ್ನು ಅಧಿಸೂಚನೆ ಹೊರಟ ಐದು ದಿನದೊಳಗೆ ಕೊಡಬೇಕು. ಮನೆ ಓಟು ಕೇಳಿ ಒಪ್ಪಿಗೆಯಾದವರು ಆಮೇಲೆ ಬೂತಿಗೆ ಹೋಗಿ ಹಾಕುವಂತಿಲ್ಲ.

ಬೂತಿಗೇ ಕರೆದೊಯ್ಯುವುದಾದರೆ ಹಿರಿಯರು, ಅಂಗವಿಕಲರು, ಕೈಗೂಸಿನ ತಾಯಂದಿರು ಸಾಲಲ್ಲಿ ನಿಲ್ಲಬೇಕಿಲ್ಲ. ಬಾಗಿಲಲ್ಲಿ ಹೇಳಿದರೆ ಮುಂದೆ ಬಿಡುತ್ತಾರೆ. ಕಣ್ಣು ಕಾಣದೆ ಚಿಹ್ನೆ ಗುರುತಿಸಲಾಗದಿದ್ದರೆ, ಅಥವಾ ಗುಂಡಿ ಒತ್ತುವ ಶಕ್ತಿ ಇಲ್ಲದಿದ್ದರೆ, 18 ತುಂಬಿದ ಒಬ್ಬರು ಜೊತೆಗೆ ಹೋಗಬಹುದು. ಅಮ್ಮ ಹೇಳಿದವರಿಗೇ ಹಾಕುತ್ತೇನೆ, ಯಾರಿಗೂ ಹೇಳುವುದಿಲ್ಲ, ಇವತ್ತು ಇನ್ಯಾರಿಗೂ ಹೀಗೆ ನೆರವಾಗಿಲ್ಲ ಎಂದು ಬರೆದು ಸಹಿ ಮಾಡಬೇಕು. ಬರೀ ಮಂಡಿ ನೋವಾದರೆ ಮರೆಯವರೆಗೆ ಕೈಹಿಡಿದು ನಡೆಸಬಹುದು, ಗುಂಡಿ ಅವರೇ ಒತ್ತಬೇಕು. ಓದು ಬರುವುದಿಲ್ಲ ಎನ್ನುವುದೂ ಕಾರಣವಾಗುವುದಿಲ್ಲ. ಹಿಂದಿನ ದಿನ ಮನೆಯಲ್ಲೇ ಚಿಹ್ನೆಗಳನ್ನು ತೋರಿಸಿ, ‘ನಿಮಗೆ ಬೇಕಾದದ್ದು ಎಷ್ಟನೇ ಸಾಲಲ್ಲಿದೆ’ ಎಂದು ಎಣಿಸುವುದನ್ನು ಅಭ್ಯಾಸ ಮಾಡಿಸಿ. ಯಾರಿಗೆ ಎಂದು ಮಾತ್ರ ಕೇಳಬೇಡಿ.

ಪ್ರಶ್ನೆ: ಕೆಲಸ ಬೆಂಗಳೂರಲ್ಲಿ, ಓಟು ಕಲಬುರಗಿಯಲ್ಲಿ. ಕಂಪನಿಯವರು ಇಲ್ಲಿನ ಮತದಾನದ ದಿನ ಮಾತ್ರ ರಜೆ ಎನ್ನುತ್ತಾರೆ.
— ಓದುಗರು, ಪೀಣ್ಯ

ಉತ್ತರ: 2024ರಲ್ಲಿ ಇಲ್ಲಿ ಏಪ್ರಿಲ್ 26, ಕಲಬುರಗಿಯಲ್ಲಿ ಮೇ 7. ಹೀಗೆ ಎರಡು ಹಂತವಾದಾಗ ಈ ಗೊಂದಲ ಬರುತ್ತದೆ. ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 135ಬಿ ಪ್ರಕಾರ ನಿಮ್ಮ ಓಟು ಇರುವ ಕಡೆಯ ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕು. ದಿನಗೂಲಿಯವರಿಗೂ ಇದು ಅನ್ವಯ. ಓಟರ್ ಐಡಿಯ ಪ್ರತಿ ಲಗತ್ತಿಸಿ ಬರವಣಿಗೆಯಲ್ಲಿ ಕೇಳಿ. ಕೊಡದ ಮಾಲೀಕರಿಗೆ ದಂಡ 500 ರೂಪಾಯಿವರೆಗೆ. ಕಾಯ್ದೆಗೆ ಹಲ್ಲು ಬರಬೇಕಾದರೆ ಈ ಮೊತ್ತ ಏರಬೇಕು.

ಪ್ರಶ್ನೆ: ಸಂಜೆ ಆರಕ್ಕೆ ಐದು ನಿಮಿಷ ಇರುವಾಗ ಹೋದರೆ ಒಳಗೆ ಬಿಡುತ್ತಾರೆಯೇ?
— ಓದುಗರು, ವಿಜಯನಗರ

ಉತ್ತರ: ಬಿಡಬೇಕು. ಆರಕ್ಕೆ ಮುಗಿಯುವ ಮತದಾನದಲ್ಲಿ ಆರು ಗಂಟೆಗೆ ಸಾಲಲ್ಲಿ ಇದ್ದವರೆಲ್ಲರಿಗೂ ಓಟಿದೆ, ಎಷ್ಟು ಹೊತ್ತಾದರೂ ಸರಿ. ಆರು ಹೊಡೆದಾಗ ಪ್ರಿಸೈಡಿಂಗ್ ಆಫೀಸರ್ ಸಹಿ ಮಾಡಿದ, ಕ್ರಮವಾಗಿ ಅಂಕಿ ಹಾಕಿದ ಚೀಟಿಗಳನ್ನು ಹಂಚುತ್ತಾರೆ. ಹಂಚುವುದು ಸಾಲಿನ ಬಾಲದಿಂದ: ಕಟ್ಟಕಡೆಗೆ ನಿಂತವರಿಗೆ ಒಂದನೇ ಚೀಟಿ, ಅಲ್ಲಿಂದ ಮುಂದಕ್ಕೆ. ಆಮೇಲೆ ಬಂದವರು ಹಿಂದೆ ಸೇರಿಕೊಳ್ಳದಂತೆ ಈ ಏರ್ಪಾಡು. ಹಾಗಾಗಿ ಕೊನೇ ಗಳಿಗೆಯಲ್ಲಿ ಹೋದವರು ನೆರಳು ಹುಡುಕಿ ಪಕ್ಕದಲ್ಲಿ ಕೂರಬೇಡಿ, ಸಾಲಲ್ಲೇ ನಿಂತಿರಿ. ಚೀಟಿ ಕೈಗೆ ಬಂತೋ ಇಲ್ಲವೋ ನೋಡಿಕೊಳ್ಳಿ.